ಟೋಂಗಾಕ್ಕೂ ಒಂದು ವೋಟು

2025ರ ಮೇನಲ್ಲಿ ಪೋಪ್ ಆಯ್ಕೆ ನಡೆದಾಗ ಎಲ್ಲರ ಕಣ್ಣು ಫಲಿತಾಂಶ ತಿಳಿಸುವ ಚಿಮಣಿಯ ಹೊಗೆ ಮೇಲೆ. ನನಗೆ ಒಳಗೆ ಯಾರ್ಯಾರು ಕೂತಿದ್ದಾರೆ ಅನ್ನೋದೇ ಜಾಸ್ತಿ ಕುತೂಹಲ. ಪೋಪ್‌ಗೆ ವೋಟು ಹಾಕೋ ಹಿರಿಯ ಧರ್ಮಗುರುಗಳು, ಅಂದರೆ ಕಾರ್ಡಿನಲ್‌ಗಳು, 133 ಜನ, ಸುಮಾರು 70 ದೇಶ. 1903ರಲ್ಲಿ ವೋಟು ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಇಟಲಿಯವರೇ ಇದ್ದರು. ಈ ಸಲ ಇಡೀ ಯುರೋಪ್ ಸೇರಿಸಿದರೂ ಅರ್ಧ ಆಗಲಿಲ್ಲ!

ಇದು ಬಹುಪಾಲು ಹಿಂದಿನ ಪೋಪ್ ಫ್ರಾನ್ಸಿಸ್ ಮಾಡಿದ ಕೆಲಸ. ಮಿಲಾನ್, ವೆನಿಸ್‌ನಂಥ ಊರಿನ ಬಿಷಪ್‌ಗೆ ಕೆಂಪು ಟೋಪಿ, ಅಂದರೆ ಕಾರ್ಡಿನಲ್ ಪದವಿ, ಖಾಯಂ ಅನ್ನೋ ಹಳೇ ರೂಢಿಯನ್ನು ಅವರು ಬಿಟ್ಟರು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟೋಂಗಾ, ಮ್ಯಾನ್ಮಾರ್, ಪೂರ್ವ ಟಿಮೋರ್ ಕಡೆ ನೋಡಿದರು. ಮಂಗೋಲಿಯಾದಲ್ಲಿ ಕ್ಯಾಥೊಲಿಕರು ಎರಡು ಸಾವಿರವೂ ಇಲ್ಲ, ಅಲ್ಲಿಗೂ ಒಬ್ಬ ಕಾರ್ಡಿನಲ್.

ನನ್ನ ಮನಸ್ಸು ನಿಂತಿದ್ದು ಹೈದರಾಬಾದಿನ ಆರ್ಚ್‌ಬಿಷಪ್ ಆಂಥೊನಿ ಪೂಲ ಅವರ ಹತ್ತಿರ. 2022ರಲ್ಲಿ ಕಾರ್ಡಿನಲ್ ಆದರು, ದಲಿತರಲ್ಲಿ ಮೊದಲಿಗರು. ವೋಟು ನಡೆಯೋ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಚೀಟಿ ಮೇಲೆ ಹೆಸರು ಬರೆದು, ಮಡಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಪೀಠದವರೆಗೆ ನಡೆಯಬೇಕು. ಮೈಕೆಲೆಂಜೆಲೊ ಚಿತ್ರದ ಎದುರು ಅವರೂ ಹಾಗೆ ನಡೆದಿರುತ್ತಾರೆ ಅಂತ ನೆನೆದರೆ ಎದೆ ತುಂಬುತ್ತದೆ. ನಮ್ಮ ದೇಶದ ಚರ್ಚುಗಳ ಒಳಗೂ ಜಾತಿ ಇದೆ ಅಲ್ವಾ, ಅದಕ್ಕೇ.

ಹೆಣ್ಣುಮಕ್ಕಳಿಗೆ ಮಾತ್ರ ಇನ್ನೂ ಅಲ್ಲಿ ಜಾಗವಿಲ್ಲ. ಅದು ನೋವು.

ಎಂಬತ್ತು ದಾಟಿದವರಿಗೆ ವೋಟಿಲ್ಲ. 1970ರಲ್ಲಿ ಪೋಪ್ ಆರನೇ ಪೌಲ್ ತಂದ ನಿಯಮ ಅದು. ಹಾಗಾಗಿ ಈ ಪಟ್ಟಿ ಒಂದೇ ಸಮ ಬದಲಾಗುತ್ತಿರುತ್ತದೆ. ಖಾಲಿಯಾದ ಜಾಗಕ್ಕೆ ಹೊಸ ಪೋಪ್ ಲಿಯೋ ಯಾವ ಊರಿನವರನ್ನು ಕರೆಯುತ್ತಾರೋ, ನೋಡಬೇಕು.