ಇಳಕಲ್ಲಿನಲ್ಲಿ ಅರ್ಧ ದಿನದ ಕೆಲಸ, ನಿನಗೆ ಒಂದು ತಿಂಗಳು ಯಾಕೆ?

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಹಿತ್ತಲಿನ ಮೂಲೆಯಲ್ಲಿ ಕಲ್ಲಿಗೆ ಹೊಳಪು ಕೊಡುವ ಒಂದು ರಬ್ಬರ್ ಡಬ್ಬಿ ಹಗಲೂ ರಾತ್ರಿ ಉರುಳುತ್ತಿರುತ್ತದೆ. ಒಳಗೆ ಕಲ್ಲು, ನೀರು, ಒಂದಿಷ್ಟು ಪುಡಿ. ಚಹಾ ಕುಡಿಯಲು ಬಂದವರು ಆ ಗರಗರ ಸದ್ದು ಕೇಳಿ ಎದ್ದು ಹೋಗಿ ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. "ಇಳಕಲ್ಲಿಗೆ ಒಯ್ದು ಕೊಟ್ರ ಅರ್ಧ ದಿನದಾಗ ಪಾಲಿಶ್ ಮಾಡಿ ಕೊಡ್ತಾರಲ್ಲೋ, ನಿಂದೇನಿದು ತಿಂಗಳಗಟ್ಟಲೆ?"

ಪಕ್ಕದ ಮನೆ ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ. "ಒಂದೀಟು ಎಣ್ಣಿ ಸವರಿದ್ರ ಮುಗೀತು. ಯಾಕ ಸುಮ್ನ ಕರೆಂಟ್ ಸುಡ್ತಿ?"

ಕರೆಂಟಿನದು ಮೊದಲು ಹೇಳಿಬಿಡುತ್ತೇನೆ. ನನ್ನದು 40 ವ್ಯಾಟಿನ ಮೋಟರು. ಇಡೀ ದಿನ ಓಡಿದರೂ ಒಂದು ಯೂನಿಟ್ ಆಗುವುದಿಲ್ಲ.

ಇನ್ನು ಇಳಕಲ್. ಅಲ್ಲಿಯ ಕೆಂಪು ಗ್ರಾನೈಟಿನಲ್ಲಿ ಮುಖ ನೋಡಿಕೊಳ್ಳಬಹುದು, ನಿಜ. ಆದರೆ ಅಲ್ಲೂ ಒಂದೇ ಏಟಿಗೆ ಹೊಳಪು ಬರುವುದಿಲ್ಲ. ನೀರು ಬಿಡುತ್ತಾ, ಒರಟು ಸಾಣೆಯಿಂದ ನುಣ್ಣನೆಯ ಸಾಣೆಯವರೆಗೆ ನಂಬರ್ ಪ್ರಕಾರ ಬದಲಾಯಿಸುತ್ತಾ ಹೋಗುತ್ತಾರೆ. ನಾನು ಮಾಡುವುದೂ ಅದನ್ನೇ. ಅವರದು ಸಪಾಟಾದ ಹಲಗೆ, ಮೇಲಿನಿಂದ ಒತ್ತಲು ಭಾರದ ಯಂತ್ರ. ನನ್ನದು ನಿಂಬೆಹಣ್ಣಿನಷ್ಟಿರುವ ಸೊಟ್ಟ ಕಲ್ಲುಗಳು. ಅವನ್ನು ಹಿಡಿಯುವುದೆಲ್ಲಿ, ಒತ್ತುವುದೆಲ್ಲಿ? ಡಬ್ಬಿ ತಿರುಗಿದಾಗ ಕಲ್ಲಿನ ಮೇಲೆ ಕಲ್ಲು ಜಾರುತ್ತದೆ, ನಡುವೆ ಸಿಕ್ಕ ಪುಡಿ ಚೂರುಚೂರೇ ಸವೆಸುತ್ತದೆ. ಕಲ್ಲಿನ ಸ್ವಂತ ಭಾರ ಬಿಟ್ಟರೆ ಬೇರೆ ಬಲ ಇಲ್ಲ. (ಗ್ರೈಂಡರಿಗೆ ಹಿಡಿ ಅನ್ನುವವರೂ ಇದ್ದಾರೆ. ಒಣ ಕಲ್ಲಿನ ಧೂಳು ಎದೆಗೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬರುತ್ತದೆ. ಬೇಡಪ್ಪ.)

ಎಣ್ಣೆಯ ಮಾತಿಗೆ ಉತ್ತರ ಹೊಳೆದಂಡೆಯಲ್ಲೇ ಇದೆ. ಘಟಪ್ರಭೆಯ ದಂಡೆಯಲ್ಲಿ ಚಿಕ್ಕವರಿದ್ದಾಗ ಎಲ್ಲರೂ ಕಲ್ಲು ಆರಿಸಿದವರೇ. ನೀರಲ್ಲಿ ಕೆಂಪಗೆ, ಹಸಿರಗೆ ಹೊಳೆಯುತ್ತಿದ್ದದ್ದು ಚಡ್ಡಿ ಕಿಸೆಯಲ್ಲಿ ಮನೆಗೆ ಬರುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು, ಅಲ್ವಾ? ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಬೆಳಕು ಅವುಗಳಿಗೆ ಬಡಿದು ಅಡ್ಡಾದಿಡ್ಡಿ ಚದುರುತ್ತದೆ. ನೀರು ಆ ತಗ್ಗು ತುಂಬುತ್ತದೆ, ಎಣ್ಣೆಯೂ ತುಂಬುತ್ತದೆ. ಆರಿದ ಮೇಲೆ ಮತ್ತೆ ಮೊದಲಿನ ಹಾಗೇ. ನಾನು ತಗ್ಗು ತುಂಬಲು ಹೋಗುವುದಿಲ್ಲ. ತಗ್ಗೇ ಇರದ ಹಾಗೆ ಸುತ್ತಲಿನದನ್ನು ಸವೆಸುತ್ತೇನೆ. ಹೊಳೆಯೂ ಕಲ್ಲು ಉರುಳಿಸಿ ದುಂಡಗೆ ಮಾಡುತ್ತದೆ, ಆದರೆ ಒರಟಿನಿಂದ ನುಣ್ಣಗೆ ನಂಬರ್ ಪ್ರಕಾರ ಸಾಣೆ ಬದಲಾಯಿಸುವುದಿಲ್ಲ. ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತದೆ.

ನನ್ನ ಮೆಟ್ಟಿಲುಗಳು ನಾಲ್ಕು. ಮೊದಲ ಮೂರಕ್ಕೆ ಸಿಲಿಕಾನ್ ಕಾರ್ಬೈಡ್ ಅನ್ನುವ ಗಟ್ಟಿ ಸಾಣೆಪುಡಿ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನದು 7 ಆದರೆ ಇದರದ್ದು 9ಕ್ಕೂ ಮೇಲೆ. ಪುಡಿಯ ನಂಬರ್ ಹೆಚ್ಚಿದಷ್ಟೂ ಕಾಳು ನುಣ್ಣಗೆ. ಮೊದಲು 80 ನಂಬರ್, ಕೈಗೆ ಸಣ್ಣ ರವೆಯ ಹಾಗೆ. ಆಮೇಲೆ 220, ಆಮೇಲೆ 500. ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ. ಒಂದೊಂದಕ್ಕೆ ವಾರ, ಮೊದಲನೆಯದಕ್ಕೆ ಹತ್ತು ದಿನವೂ ಆಗುತ್ತದೆ. ಡಬ್ಬಿಯ ಮುಕ್ಕಾಲು ಭಾಗ ಕಲ್ಲು, ಕಲ್ಲು ಮುಳುಗಿಯೂ ಮುಳುಗದಷ್ಟು ನೀರು. 80 ಮಾಡಿದ ಗೀರನ್ನು 220 ಅಳಿಸಬೇಕು, 220ರ ಗೀರನ್ನು 500. ನಡುವೆ ಒಂದನ್ನು ಹಾರಿದರೆ ಪಾಲಿಶ್ ಎಷ್ಟು ದಿನ ಓಡಿಸಿದರೂ ಗೀರು ಹೋಗದು.

ಇದನ್ನು ಕಲಿತದ್ದು ಕೆಟ್ಟ ಮೇಲೇ. ಒಂದು ಸಲ ಮೂರು ವಾರ ಕಾದು ಪಾಲಿಶಿಗೆ ಹಾಕಿದ್ದೆ. ಎಂಟನೇ ದಿನ ತೆಗೆದು ನೋಡಿದರೆ ಅಷ್ಟೂ ಕಲ್ಲಿನ ಮೈಮೇಲೆ ಕೂದಲಿನಂಥ ಗೆರೆ. ಒಂದು ಕಲ್ಲಿನ ಬಿರುಕಲ್ಲಿ 80ರ ನಾಲ್ಕು ಕಾಳು ಅಡಗಿ ಕೂತಿದ್ದವು. ಮತ್ತೆ 220ರಿಂದ ಶುರು. ಈಗ ಪ್ರತಿ ಸಲ ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಒಂದೊಂದೇ ಕಲ್ಲು ಉಜ್ಜುತ್ತೇನೆ. ಬಿರುಕಿದ್ದದ್ದು ಹಿತ್ತಲಿಗೆ. ಆ ತೊಳೆದ ರಾಡಿಯನ್ನು ಬಚ್ಚಲಿಗೆ ಹಾಕಲೇಬೇಡಿ. ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಪೈಪ್ ಒಡೆಸಿದವನು ಹೇಳುತ್ತಿದ್ದೇನೆ.

ಅದಕ್ಕಿಂತ ದೊಡ್ಡ ಪೆಟ್ಟು ನಮ್ಮೂರಿನ ಕಲ್ಲೇ ಕೊಟ್ಟಿತು. ಬಾಗಲಕೋಟೆ ಸುತ್ತ ಸುಣ್ಣಕಲ್ಲು ಜಾಸ್ತಿ. ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ. ಗುಲಾಬಿ ಬಣ್ಣದ್ದಂತೂ ಬಹಳ ಚೆಂದ. ಕಲಾದಗಿ ಕಡೆಯಿಂದ ಐದಾರು ತಂದು ಚಕಮಕಿ ಕಲ್ಲಿನ ಜೊತೆಗೇ ಹಾಕಿದೆ. ವಾರದ ನಂತರ ಮುಚ್ಚಳ ತೆಗೆದರೆ ಚಕಮಕಿ ಇತ್ತು, ಗುಲಾಬಿ ಇರಲಿಲ್ಲ! ತೆಳ್ಳಗಿನ ಗುಲಾಬಿ ಅಂಬಲಿ ಆಗಿತ್ತು. ಸುಣ್ಣಕಲ್ಲಿನ ಗಡಸುತನ 3ರ ಆಸುಪಾಸು, ಚಕಮಕಿಯದು 7. ಗಟ್ಟಿಯದರ ಜೊತೆ ಮೆತ್ತನೆಯದು ತಿರುಗಿದರೆ ಉಳಿಯುತ್ತಾ? ಇಳಕಲ್ಲಿನ ಗ್ರಾನೈಟ್ ಚೂರೂ ನನ್ನ ಡಬ್ಬಿಯಲ್ಲಿ ಅಷ್ಟಕ್ಕಷ್ಟೆ. ಒಂದೇ ಕಲ್ಲಲ್ಲಿ ಗಟ್ಟಿ ಬೆಣಚೂ ಇದೆ, ಮೆತ್ತನೆಯ ಅಭ್ರಕವೂ ಇದೆ. ಅಭ್ರಕ ಉದುರಿ ತಗ್ಗು ಬೀಳುತ್ತದೆ.

ಈಗ ಮೊದಲು ಚಾಕು ತೆಗೆಯುತ್ತೇನೆ. ಸ್ಟೀಲ್ ಚಾಕುವಿನಿಂದ ಗೀರಿದಾಗ ಕಲ್ಲಿನ ಮೇಲೆ ಗೀರು ಬಿದ್ದರೆ ಆ ಕಲ್ಲು ಬೇಡ. ಅನುಮಾನ ಇದ್ದರೆ ಗೀರಿದ ಜಾಗಕ್ಕೆ ಲಿಂಬಿಹಣ್ಣಿನ ರಸ. ಸಣ್ಣ ಗುಳ್ಳೆ ಎದ್ದರೆ ಸುಣ್ಣಕಲ್ಲು. ನನಗೆ ಬಹಳ ಇಷ್ಟದ್ದು ವಿಜಯಪುರ ಕಡೆಯ ಎರಿಹೊಲದಲ್ಲಿ ಸಿಗುವ ಅಗೇಟ್. ಉಂಗುರದ ಅಂಗಡಿಯವರು ಅಕೀಕ್ ಅನ್ನುತ್ತಾರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಲ್ಲಿ ಗಾಳಿಗುಳ್ಳೆಯ ತೂತು ಉಳಿದವು. ಆ ತೂತುಗಳಲ್ಲಿ ನೀರು ತಂದ ಸಿಲಿಕಾ, ಅಂದರೆ ಬೆಣಚುಕಲ್ಲಿನದೇ ಪದಾರ್ಥ, ಪದರ ಪದರವಾಗಿ ಕೂತದ್ದು ಇದು. ಹೊರಗಿನಿಂದ ಒಣಗಿದ ಆಲೂಗಡ್ಡೆ. 220 ಮುಗಿಯುವ ಹೊತ್ತಿಗೆ ಒಳಗಿನ ಗೆರೆ ಕಾಣಲು ಶುರು. ಪಾಲಿಶ್ ಆಯಿತೋ ಇಲ್ಲವೋ ನೋಡಲು ಕಲ್ಲನ್ನು ಒರೆಸಿ, ಪೂರ್ತಿ ಒಣಗಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿಯುತ್ತೇನೆ. ಟ್ಯೂಬಿನ ಅಂಚು ಕಲ್ಲಿನಲ್ಲಿ ನೀಟಾಗಿ ಕಂಡರೆ ಆಯಿತು. ಮಸುಕಾಗಿದ್ದರೆ ಮತ್ತೆ ಡಬ್ಬಿಗೆ.

ಮೊನ್ನೆ ಅದೇ ಕಾಕಾ ತಮ್ಮ ಹೊಲದಿಂದ ಒಂದು ಗುಲಾಬಿ ಕಲ್ಲು ತಂದುಕೊಟ್ಟರು. "ಇದೊಂದು ಹಾಕು ನೋಡೂಣು." ಚಾಕು ಗೀರಿದೆ. ಬಿಳಿ ಪುಡಿ ಉದುರಿತು.

"ಕಾಕಾ, ಇದು ಉಳಿಯಂಗಿಲ್ಲರಿ."

"ಹಂಗಾರ ಎಣ್ಣಿ ಹಚ್ಚಲೇನು?"

"ಹಚ್ಚರಿ" ಅಂದೆ. ಈಗ ಅದು ಅವರ ತುಳಸಿಕಟ್ಟೆ ಮೇಲಿದೆ. ಎರಡು ದಿನಕ್ಕೊಮ್ಮೆ ಶೇಂಗಾ ಎಣ್ಣೆ ಸವರುತ್ತಾರೆ, ನನಗೆ ಕಾಣುವ ಹಾಗೆ.