ಕಂಪ್ಯೂಟರ್ ಒಳಗಿನ ಜನರನ್ನು ಎಷ್ಟು ನಂಬೋದು?

ಬ್ರಿಟನ್ನಿನಲ್ಲಿ ನಾನು ಮಾಡುವ ಕೆಲಸವನ್ನು ಮನೆಯವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ನಮ್ಮ ತಂಡ ಕಂಪ್ಯೂಟರಿನಲ್ಲಿ ಸಾವಿರಾರು ಜನರನ್ನು ಹುಟ್ಟಿಸುತ್ತದೆ. ಅವರಿಗೆ ವಯಸ್ಸು, ಮನೆ, ಕೆಲಸ ಎಲ್ಲ ಕೊಟ್ಟು, ಸರ್ಕಾರ ಒಂದು ನಿಯಮ ಬದಲಿಸಿದರೆ ಏನು ಮಾಡುತ್ತಾರೆ ಎಂದು ನೋಡುತ್ತದೆ. ಕಂಪ್ಯೂಟರಿನ ಈ ನಕಲಿ ಲೋಕಕ್ಕೆ ಮಾಡೆಲ್ ಅನ್ನುತ್ತಾರೆ. ಅದನ್ನು ನಂಬಬಹುದೇ ಎಂದು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ.

ಮಾಡೆಲ್ ಅಂದರೆ ಇಲ್ಲಿ ಅನೇಕರಿಗೆ ಕೋವಿಡ್ ನೆನಪಾಗುತ್ತದೆ. ಏನೂ ಮಾಡದೆ ಕೂತರೆ ಸುಮಾರು 5,10,000 ಜನ ಸಾಯಬಹುದು ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸೋಂಕುರೋಗ ತಜ್ಞ ನೀಲ್ ಫರ್ಗುಸನ್ ಅವರ ತಂಡ 2020ರ ಮಾರ್ಚ್ 16ರಂದು ಹೇಳಿತು. ವಾರದಲ್ಲೇ ಲಾಕ್‌ಡೌನ್ ಬಂತು. "ಅಷ್ಟು ಜನ ಸಾಯಲಿಲ್ಲವಲ್ಲ, ಮಾಡೆಲ್ ಸುಳ್ಳು" ಅನ್ನುವವರು ಈಗಲೂ ಇದ್ದಾರೆ. ಏನೂ ಮಾಡದೆ ಕೂತ ಬ್ರಿಟನ್ ಇರಲೇ ಇಲ್ಲ. ಮತ್ತೆ ಯಾವುದರ ಜೊತೆ ಹೋಲಿಸುತ್ತೀರಿ?

ಮಾಡೆಲ್ ಹೇಳಿದ್ದು ಹಿಂದೆ ನಿಜವಾಗಿ ನಡೆದದ್ದಕ್ಕೆ ತಾಳೆಯಾದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ಅಮೆರಿಕದ ಅರಿಜೋನಾದ ಲಾಂಗ್ ಹೌಸ್ ಕಣಿವೆ. ಹಿಂದೆ ಅಲ್ಲಿ ಬದುಕಿದ್ದ ಕುಟುಂಬಗಳನ್ನು ಸಂಶೋಧಕರು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ಕ್ರಿ.ಶ. 800ರಿಂದ 1350ರವರೆಗೆ ಓಡಿಸಿ ನೋಡಿದರು. ಹಳೆಯ ಹವಾಮಾನದಿಂದ ಮೆಕ್ಕೆಜೋಳದ ಬೆಳೆ ಲೆಕ್ಕ ಹಾಕಿದರು. ಬೆಳೆ ಸಾಲದ ಮನೆ ಜಾಗ ಬದಲಿಸಬೇಕು, ಇಲ್ಲವೇ ಕಣಿವೆ ಬಿಡಬೇಕು. ಮಾಡೆಲ್ಲಿನ ಜನಸಂಖ್ಯೆಯ ಏರಿಳಿತ ನಿಜವಾದದ್ದರ ಜೊತೆ ಚೆನ್ನಾಗಿಯೇ ಹೊಂದಿತು. ಆದರೆ 1300ರ ಹೊತ್ತಿಗೆ ನಿಜವಾದ ಜನ ಪೂರ್ತಿ ಹೊರಟುಹೋಗಿದ್ದರು. ಮಾಡೆಲ್ಲಿನಲ್ಲಿ ಒಂದಿಷ್ಟು ಜನ ಅಲ್ಲೇ ಉಳಿದರು!

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಬೆಲೆಬಾಳುವುದು ಈ ತಪ್ಪೇ. ಕೆಲವರಿಗಾದರೂ ಅಲ್ಲಿ ಬದುಕಲು ಸಾಧ್ಯವಿತ್ತು, ಹಾಗಿದ್ದೂ ಹೋದರು. ಅಂದರೆ ಬರಿಯ ಹೊಟ್ಟೆಯ ಲೆಕ್ಕದಲ್ಲಿ ಜನ ಅರ್ಥವಾಗುವುದಿಲ್ಲ. ತಾಳೆಯಾದ ಭಾಗದ ಕಥೆಯೂ ಅಷ್ಟೆ: ಒಂದೆರಡು ಅಂಕಿ ತಿರುಚಿದರೆ ಬೇರೆ ನಿಯಮಗಳಿಂದಲೂ ಜನಸಂಖ್ಯೆಯ ಅದೇ ಏರಿಳಿತ ಬರಬಹುದು.

ಮಾಡೆಲ್ಲನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದನ್ನು ಬ್ರಿಟನ್ ಪೆಟ್ಟು ತಿಂದು ಕಲಿತಿದೆ. 2012ರಲ್ಲಿ ಒಂದು ದೊಡ್ಡ ರೈಲು ಗುತ್ತಿಗೆ ಲೆಕ್ಕಾಚಾರದ ದೋಷದಿಂದ ರದ್ದಾಯಿತು. ಮುಂದೆ, ಮುಖ್ಯವಾದ ಪ್ರತಿ ಮಾಡೆಲ್ಲಿಗೂ ಹೊಣೆ ಹೊರುವ ಒಬ್ಬ ಹಿರಿಯ ಅಧಿಕಾರಿ ಇರಬೇಕು ಎಂಬ ಶಿಫಾರಸು ಬಂತು. 2015ರಲ್ಲಿ ಇಂಥ ಲೆಕ್ಕಾಚಾರಗಳ ಗುಣಮಟ್ಟ ಕಾಯಲು 'ಆಕ್ವಾ ಬುಕ್' ಎಂಬ ಸರ್ಕಾರಿ ಮಾರ್ಗದರ್ಶಿಯೂ ಬಂತು.

ಇಷ್ಟಾದರೂ ಸಭೆಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ ಅಂಕಿ. "ಇಷ್ಟರಿಂದ ಇಷ್ಟರವರೆಗೆ" ಅಂದರೆ ಮುಖ ಸಿಂಡರಿಸುತ್ತಾರೆ. ಅದಕ್ಕೇ ಈಗ ನನ್ನ ವರದಿಯ ಮೊದಲ ಸಾಲಿನಲ್ಲೇ, ಈ ಮಾಡೆಲ್ಲನ್ನು ಯಾವ ನಿರ್ಧಾರಕ್ಕೆ ಬಳಸಬಾರದು ಎಂದು ಬರೆಯುತ್ತೇನೆ. ಎರಡನೇ ಪುಟ ಓದುವವರು ಕಡಿಮೆ.