ಡ್ರೈ ಐಸ್ ಡಬ್ಬಿಗೆ ಸುತ್ತಿದ ಟೇಪು

ಅಮೆರಿಕದ ಒಂದು ಯೂನಿವರ್ಸಿಟಿ ಲ್ಯಾಬ್‌ನಲ್ಲಿ ಸ್ಯಾಂಪಲ್ ಕಳಿಸುವ ಕೆಲಸ ನನ್ನ ತಲೆಗೆ ಬಂತು. ಬೇರೆ ಯಾರಿಗೂ ಅದು ಬೇಕಿರಲಿಲ್ಲ, ಅಷ್ಟೇ. ರೋಗಿಗಳ ರಕ್ತದಿಂದ ತೆಗೆದ ಸೀರಂ ಟ್ಯೂಬ್‌ಗಳನ್ನು ಡ್ರೈ ಐಸ್‌ನಲ್ಲಿಟ್ಟು, ಅಂದರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್‌ನಲ್ಲಿಟ್ಟು, ವಿಮಾನದಲ್ಲಿ ಕಳಿಸಬೇಕು. ಇದೇನು ಮಹಾ ಅಂದುಕೊಂಡೆ. ಊರಿನಿಂದ ಹೊರಡುವಾಗ ಅಮ್ಮ ಉಪ್ಪಿನಕಾಯಿ ಡಬ್ಬಿಗೆ ಟೇಪು ಸುತ್ತುವುದನ್ನು ನೋಡಿದವಳು ನಾನು. ಅದೇ ಕೈಚಳಕದಲ್ಲಿ ಥರ್ಮಾಕೋಲ್ ಡಬ್ಬಿಯ ಮುಚ್ಚಳಕ್ಕೆ ಸಂದಿಲ್ಲದ ಹಾಗೆ ಮೂರು ಸುತ್ತು ಎಳೆದೆ.

ಪುಣ್ಯಕ್ಕೆ, ಡಬ್ಬಿ ಹೊರಡುವ ಮೊದಲೇ ಸೇಫ್ಟಿ ಆಫೀಸಿನವರೊಬ್ಬರು ನೋಡಿದರು. ಬೈಯಲಿಲ್ಲ. ಬ್ಲೇಡಿನಿಂದ ಟೇಪು ಕುಯ್ದು, "ಟ್ರೈನಿಂಗ್ ಆಗಿದೆಯಾ?" ಎಂದರು. ಆಗಿರಲಿಲ್ಲ.

ಡ್ರೈ ಐಸ್ ಕರಗಿ ನೀರಾಗುವುದಿಲ್ಲ. ಮೈನಸ್ 78 ಡಿಗ್ರಿಯ ಆಸುಪಾಸಿನಲ್ಲಿ ನೇರ ಗ್ಯಾಸ್ ಆಗುತ್ತದೆ. ಒಂದು ಕಿಲೋದಿಂದ ಸುಮಾರು 500 ಲೀಟರ್ ಕಾರ್ಬನ್ ಡೈಆಕ್ಸೈಡ್! ಹೋಗಲು ದಾರಿ ಇಲ್ಲದಿದ್ದರೆ ಡಬ್ಬಿ ಉಬ್ಬಿ ಒಡೆಯುತ್ತದೆ. ಹಾಗಾಗಿ ಹೊರಡಬ್ಬಿ ಗಾಳಿ ಬಿಡಲೇಬೇಕು.

ತಮಾಷೆ ಏನೆಂದರೆ, ಅದೇ ಡಬ್ಬಿಯ ಒಳಗೆ ನಿಯಮ ಪೂರ್ತಿ ಉಲ್ಟಾ. ಟ್ಯೂಬ್ ಸೋರಬಾರದು. ಅದರ ಸುತ್ತ, ಅಕಸ್ಮಾತ್ ಒಡೆದರೆ ಎಲ್ಲ ದ್ರವವನ್ನೂ ಹೀರುವಷ್ಟು ಹತ್ತಿ ಅಥವಾ ಪ್ಯಾಡ್ ಇರಬೇಕು. ಅದನ್ನು ಮುಚ್ಚುವ ಎರಡನೇ ಚೀಲವೂ ಸೋರಬಾರದು. ಡ್ರೈ ಐಸ್ ಹಾಕುವುದು ಈ ಚೀಲದ ಹೊರಗೆ, ಅಪ್ಪಿತಪ್ಪಿಯೂ ಒಳಗಲ್ಲ. ನಾನು ಟ್ಯೂಬ್‌ಗಳನ್ನು ಸಾದಾ ಜಿಪ್ ಚೀಲದಲ್ಲಿ ಹಾಕಿದ್ದೆ. ಬಿಗಿ ಮಾಡಬೇಕಾದ ಕಡೆ ಸಡಿಲ, ಸಡಿಲ ಬಿಡಬೇಕಾದ ಕಡೆ ಬಿಗಿ.

ಡಬ್ಬಿಯ ಹೊರಗೆ ಅಪಾಯಕಾರಿ ಸರಕಿನ ಗುರುತಿನ ನಂಬರು ಇರಬೇಕು: ಸೀರಂಗೆ ಯುಎನ್ 3373, ಡ್ರೈ ಐಸ್‌ಗೆ ಯುಎನ್ 1845, ಜೊತೆಗೆ ಅಪಾಯದ 9ನೇ ಕ್ಲಾಸಿನ ಲೇಬಲ್. ಡ್ರೈ ಐಸ್ ತೂಕವನ್ನು ಕಿಲೋದಲ್ಲೇ ಬರೆಯಬೇಕು. ಪೌಂಡು ಬಿಟ್ಟು ಬೇರೆ ಮಾತಾಡದ ಊರಲ್ಲಿ ನನಗೆ ಸುಲಭವಾದ ನಿಯಮ ಅದೊಂದೇ.

ಹೀರುವ ಪ್ಯಾಡ್ ಬಗ್ಗೆ ಇಷ್ಟು ಹಟ ಯಾಕೆ ಅಂತ ಅರ್ಥವಾದದ್ದು ಬಾಸ್ಟನ್ ಕಥೆ ಓದಿದಾಗ. 1973ರ ನವೆಂಬರ್ 3ರಂದು ಪ್ಯಾನ್ ಆಮ್ ಎಂಬ ಅಮೆರಿಕದ ವಿಮಾನ ಕಂಪನಿಯ ಸರಕು ವಿಮಾನವೊಂದು ಹೊಗೆ ತುಂಬಿ ಅಲ್ಲಿ ಬಿತ್ತು. ಅದರಲ್ಲಿದ್ದ ಮೂವರೂ ಸತ್ತರು. ನೈಟ್ರಿಕ್ ಆಸಿಡ್ ಬಾಟಲಿಗಳನ್ನು ಮರದ ಹೊಟ್ಟಿನಲ್ಲಿ ಪ್ಯಾಕ್ ಮಾಡಿದ್ದರು. ಆಸಿಡ್ ಸೋರಿ ಹೊಟ್ಟಿಗೆ ತಾಗಿ ಹೊಗೆ ಎದ್ದಿರಬೇಕು ಎಂದು ತನಿಖೆಯವರು ಅಂದಾಜು ಮಾಡಿದರು. ಹೊಟ್ಟು ಹಾಕಿದವರಿಗೂ ನನ್ನ ಹಾಗೆ ಭದ್ರ ಮಾಡುತ್ತಿದ್ದೇವೆ ಅಂತಲೇ ಅನಿಸಿರಬೇಕು, ಅಲ್ವಾ?

ಟ್ರೈನಿಂಗ್ ಒಮ್ಮೆ ಮಾಡಿದರೆ ಮುಗಿಯಲಿಲ್ಲ. ಅಮೆರಿಕ ಸರ್ಕಾರದ ನಿಯಮಕ್ಕೆ ಮೂರು ವರ್ಷ, ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾ ನಿಯಮಕ್ಕೆ ಎರಡೇ ವರ್ಷ. ಹೋದ ಸಲ ನನ್ನ ಎರಡು ವರ್ಷ ಮುಗಿದದ್ದು ಗೊತ್ತಾದದ್ದು ಡ್ರೈ ಐಸ್ ತಂದ ಮೇಲೆ. "ನಿಂಗೆಲ್ಲಾ ಗೊತ್ತಲ್ಲ, ಕಳಿಸಿಬಿಡು" ಅನ್ನುವ ಧಾಟಿಯಲ್ಲಿ ಪ್ರೊಫೆಸರ್ ನೋಡಿದರು. ನಾನು ಟ್ಯೂಬ್‌ಗಳನ್ನು ಮತ್ತೆ ಫ್ರೀಜರ್‌ಗೆ ಇಟ್ಟು, ಪರೀಕ್ಷೆ ಬರೆದು, ಎರಡು ದಿನ ತಡವಾಗಿ ಕಳಿಸಿದೆ. ಡ್ರೈ ಐಸ್ ಮಾತ್ರ ಸುಮ್ನೆ ಆವಿಯಾಗಿ ಹೋಯಿತು.